ನೂರಾ ಹತ್ತು ಬಾಟಲಿಯ ಸಂಸಾರ

ನನಗೆ ವೈನ್ ಕುಡಿಯುವ ಅಭ್ಯಾಸವಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ನಮ್ಮ ನಡುಮನೆಯಲ್ಲಿ ಗಾಜಿನ ಬಾಗಿಲು ಹಾಕಿಕೊಂಡು, ಒಳಗೆ ನೀಲಿ ದೀಪ ಉರಿಸಿಕೊಂಡು, ಅಮ್ಮನಿಗಿಂತ ನಾಲ್ಕು ಬೆರಳು ಎತ್ತರವಾಗಿ ನಿಂತಿರುವ ಪೆಟ್ಟಿಗೆಯನ್ನು ಕಂಡವರು ಆಮೇಲೆ ನಾನು ಎಷ್ಟು ಆಣೆ ಪ್ರಮಾಣ ಮಾಡಿದರೂ ನಂಬುವುದಿಲ್ಲ. ನಾನು ಕಾಫಿಯ ಮನುಷ್ಯ. ಬೆಳಿಗ್ಗೆ ಎರಡು, ಸಂಜೆ ಒಂದು, ನೆಂಟರು ಬಂದರೆ ಅವರ ನೆಪದಲ್ಲಿ ಇನ್ನೊಂದು.

ವೈನ್ ಹೆಂಡತಿಯದು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ಅವಳು ಎರಡು ವರ್ಷದ ಹಿಂದೆ ಸಹೋದ್ಯೋಗಿಗಳ ಜೊತೆ ದೊಡ್ಡಬಳ್ಳಾಪುರದ ಕಡೆ, ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿ ತೋಟಕ್ಕೆ ಹೋಗಿ ಬಂದಳು. ಹೋಗುವಾಗ ಕೈಯಲ್ಲಿ ಚಿತ್ರಾನ್ನದ ಡಬ್ಬಿ ಇತ್ತು, ಬರುವಾಗ ಎರಡು ಬಾಟಲಿ. ನಾವು ಚಿಕ್ಕಂದಿನಿಂದ ಬೀಜ ಉಗುಳಿ ತಿನ್ನುತ್ತ ಬಂದ ಬೆಂಗಳೂರು ಬ್ಲೂ ಬೇರೆ, ಇವು ಬೇರೆ, ಇವಕ್ಕೆ ಶಿರಾಜ್, ಕ್ಯಾಬರ್ನೆ ಎಂಬ ಹೆಸರುಗಳಿವೆ ಎಂದು ಅವತ್ತು ರಾತ್ರಿ ಊಟಕ್ಕೆ ಕೂತಾಗ ಪಾಠವಾಯಿತು. ಅಲ್ಲಿಂದಾಚೆ ಶನಿವಾರ ಸಂಜೆ ಒಂದು ಲೋಟ, ಕೈಯಲ್ಲೊಂದು ಪುಸ್ತಕ. ಅವಳ ಕಾರ್ಯಕ್ರಮ ಇಷ್ಟೇ. ಇಷ್ಟರಲ್ಲೇ ಮುಗಿಯುತ್ತಿತ್ತು ಕೂಡ, ನಾನು ತಲೆ ಹಾಕದೆ ಇದ್ದಿದ್ದರೆ.

ಒಂದು ಶನಿವಾರ ಅವಳು ಲೋಟವನ್ನು ಮೂಗಿನ ಹತ್ತಿರ ಹಿಡಿದು, "ಇಂಗಿನ ವಾಸನೆ ಬರ್ತಿದೆ ಕಣ್ರೀ" ಎಂದಳು. ಬರದೆ ಏನು? ಬಾಟಲಿ ನಾಲ್ಕು ದಿನದಿಂದ ನಮ್ಮ ಫ್ರಿಜ್ಜಿನಲ್ಲಿ ಹುಳಿಯ ಪಾತ್ರೆಗೂ ದೋಸೆ ಹಿಟ್ಟಿಗೂ ನಡುವೆ ಬಿರಡೆ ಸಡಿಲಿಸಿಕೊಂಡು ನಿಂತಿತ್ತು. ಅವಳು ಹೇಳಿದ್ದು ಒಂದು ಮಾತು. ಬ್ಯಾಂಕಿನಿಂದ ವಿಆರ್‌ಎಸ್ ತೆಗೆದುಕೊಂಡು ಮನೆಯಲ್ಲಿ ಕೂತಿದ್ದ ನನಗೆ ಅಷ್ಟು ಸಾಕಾಯಿತು. ಮಾರನೆಯ ದಿನವೇ ಹೊಸ ಬೈಂಡ್ ಪುಸ್ತಕ ತಂದು, ಮೊದಲ ಪುಟದಲ್ಲಿ ಪಿಳ್ಳಾರಿ ಹಾಕಿ, 'ವೈನ್ ಕೂಲರ್' ಎಂದು ಬರೆದೆ.

ಮೂರು ತಿಂಗಳಲ್ಲಿ ಆ ಪುಸ್ತಕದ ಅರ್ಧ ತುಂಬಿತು. ವೈನಿಗೆ ಹದವಾದ ತಂಪು 12ರಿಂದ 13 ಡಿಗ್ರಿ. ನಮ್ಮ ಫ್ರಿಜ್ಜಿನ 4 ಡಿಗ್ರಿ ಅದಕ್ಕೆ ಮಾಘಮಾಸದ ಮುಂಜಾನೆ ತಣ್ಣೀರು ಸ್ನಾನ ಮಾಡಿಸಿದ ಹಾಗೆ. ಬೆಳಕು ಆಗದು, ಅಲುಗಾಟ ಆಗದು, ಗಾಳಿ ತೀರಾ ಒಣಗಿರಬಾರದು. ಬಾಟಲಿಯನ್ನು ಮಲಗಿಸಿಯೇ ಇಡಬೇಕು, ಇಲ್ಲದಿದ್ದರೆ ಬಿರಡೆ ಒಣಗಿ, ಕುಗ್ಗಿ, ಗಾಳಿ ಒಳಗೆ ಹೋಗುತ್ತದೆ. ಕೆಂಪು ವೈನನ್ನು 'ರೂಮ್ ಟೆಂಪರೇಚರ್'ನಲ್ಲಿ ಕುಡಿಯಬೇಕು ಎನ್ನುತ್ತಾರಲ್ಲ, ಆ ರೂಮು ಯುರೋಪಿನ ಹಳೇ ಕಲ್ಲುಮನೆಯದು, 16-18 ಡಿಗ್ರಿಯದು. ಏಪ್ರಿಲ್‌ನಲ್ಲಿ ನಮ್ಮ ಮೊದಲ ಮಹಡಿಯದಲ್ಲ. ಇಷ್ಟೆಲ್ಲ ಓದಿದ ಮೇಲೆ ನನಗನ್ನಿಸಿದ್ದು, ಇಷ್ಟು ನಾಜೂಕಿನ ಅಳಿಯ ನಮ್ಮ ಮನೆಗೆ ಬರಲಿಲ್ಲವಲ್ಲ ಸದ್ಯ ಎಂದು.

ಪೆಟ್ಟಿಗೆಗಳಲ್ಲಿ ಎರಡು ಜಾತಿ. ಒಂದು ಪೆಲ್ಟಿಯರ್ ಜಾತಿ. ಎರಡು ಬಗೆಯ ಲೋಹಗಳು ಕೂಡುವ ಕಡೆ ಕರೆಂಟು ಹರಿಸಿದರೆ ಒಂದು ಬದಿ ತಣ್ಣಗಾಗುತ್ತದೆ, ಇನ್ನೊಂದು ಬದಿ ಬಿಸಿಯಾಗುತ್ತದೆ. ಇದನ್ನು 1834ರಲ್ಲಿ ಕಂಡುಕೊಂಡ ಜ್ಯಾನ್ ಪೆಲ್ಟಿಯರ್ ಎಂಬ ಫ್ರೆಂಚ್ ಮಹಾಶಯ ಮೊದಲು ಗಡಿಯಾರ ರಿಪೇರಿ ಕಸುಬಿನವನಂತೆ. ಸದ್ದಿಲ್ಲ, ನಡುಕವಿಲ್ಲ. ನನಗೆ ಮನಸ್ಸು ಅದರ ಮೇಲೇ ಇತ್ತು. ಆದರೆ ಕೋಣೆಯ ಬಿಸಿಗಿಂತ ಹದಿನೈದು ಇಪ್ಪತ್ತು ಡಿಗ್ರಿ ಕೆಳಗಿಳಿಯುವಷ್ಟರಲ್ಲಿ ಅದಕ್ಕೆ ಏದುಸಿರು. ಹೊರಗೆ ಮೂವತ್ತಾರು ಇದ್ದರೆ ಒಳಗೆ ಹದಿನೆಂಟೋ ಇಪ್ಪತ್ತೋ. ಫ್ಯಾನೇ ಇಲ್ಲದೆ ಜನ ಬದುಕುತ್ತಿದ್ದ ಹಳೇ ಬೆಂಗಳೂರಾಗಿದ್ದರೆ ಸರಿ. ಹೀಗಾಗಿ ಎರಡನೆಯ ಜಾತಿ, ನಮ್ಮ ಮಾಮೂಲಿ ಫ್ರಿಜ್ಜಿನ ಹಾಗೆ ಕಂಪ್ರೆಸರ್ ಇರುವುದೇ ಆಯಿತು.

ಇನ್ನು ಗಾತ್ರ. ಅವಳ ಹತ್ತಿರ ಇದ್ದದ್ದು ಏಳು ಬಾಟಲಿ. ಅವಳು ಕೇಳಿದ್ದು ಹನ್ನೆರಡರದ್ದು. ನಾನು ತಂದದ್ದು ನೂರಾ ಹತ್ತರದ್ದು. ಇದಕ್ಕೆ ನನ್ನ ಬಳಿ ಕಾರಣವಿದೆ. ಮದುವೆಯಾದ ಹೊಸತರಲ್ಲಿ ನಾನು 165 ಲೀಟರಿನ ಫ್ರಿಜ್ ಸಾಕು ಎಂದು ತಂದವನು. ಅದಾದ ಮೇಲೆ ಹದಿನಾಲ್ಕು ವರ್ಷ, ಪ್ರತಿ ಹಬ್ಬಕ್ಕೂ ರುಬ್ಬಿದ ಹಿಟ್ಟು ಇಡಲು ಜಾಗವಿಲ್ಲದೆ ಅತ್ತೆ ಸೊಸೆ ಇಬ್ಬರೂ ಒಮ್ಮತದಿಂದ ನನ್ನನ್ನು ಬೈದರು. ಅವರಿಬ್ಬರ ನಡುವೆ ಒಮ್ಮತ ಮೂಡಿದ ಮೊದಲ ವಿಷಯ ಅದು. ಎರಡನೇ ಸಲ ಆ ತಪ್ಪು ಮಾಡುವಷ್ಟು ಧೈರ್ಯ ನನಗಿರಲಿಲ್ಲ. ಅಂಗಡಿಯ ಹುಡುಗನೂ, "ಸರ್, ಎಲ್ರೂ ಚಿಕ್ಕದು ತಗೊಂಡು ಆಮೇಲೆ ಬಂದು ದೊಡ್ಡದು ತಗೋತಾರೆ, ದಸರಾ ಆಫರ್ ಬೇರೆ ಇದೆ" ಎಂದ. ನೂರಾ ಹತ್ತು ಎಂಬುದು ಬೋರ್ಡೋ ಅಳತೆಯ ತೆಳ್ಳನೆ ಬಾಟಲಿಯ ಲೆಕ್ಕ ಎಂದು ಅವನು ಹೇಳಲಿಲ್ಲ. ಹೊಟ್ಟೆ ದಪ್ಪಗಿನ ಬಾಟಲಿಗಳು ಬಂದರೆ ಲೆಕ್ಕ ತಪ್ಪುತ್ತದೆ. ಬಸ್ಸಿನಲ್ಲಿ ಮೂರು ಜನರ ಸೀಟು ಎಂದಿರುತ್ತದೆಯಲ್ಲ, ಯಾವ ಮೂರು ಜನ ಎಂದಿರುವುದಿಲ್ಲವಲ್ಲ, ಹಾಗೆ.

ಭಾವನವರು ವಕೀಲರು. ವಿಷಯ ಕಿವಿಗೆ ಬಿದ್ದ ತಕ್ಷಣ ಫೋನ್ ಮಾಡಿದರು. "ನೂರಾ ಹತ್ತು ಅಂದ್ರೆ, ಒಂದೊಂದರಲ್ಲಿ ಮುಕ್ಕಾಲು ಲೀಟರು. ಎಂಬತ್ತೆರಡೂವರೆ ಲೀಟರು ಆಯ್ತಲ್ಲಯ್ಯಾ! ಲೈಸೆನ್ಸ್ ಇಲ್ಲದೆ ಮನೇಲಿ ಇಷ್ಟೇ ಇಟ್ಕೋಬೇಕು ಅಂತ ಅಬಕಾರಿ ರೂಲ್ ಇದೆ, ಗೊತ್ತಾ?" ಏಳೇ ಬಾಟಲಿ ಇರುವುದು ಎಂದೆ. "ಹಾಗಾದ್ರೆ ಅಷ್ಟು ದೊಡ್ಡ ಪೆಟ್ಟಿಗೆ ಯಾಕೆ?" ವಕೀಲರ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ, ಅದರಲ್ಲೂ ಪ್ರಶ್ನೆ ಸರಿಯಾಗಿದ್ದಾಗ. ಪಕ್ಕದ ಮನೆಯ ಸಿವಿಲ್ ಎಂಜಿನಿಯರರನ್ನು ನೆಲ ತಡೆಯುತ್ತದೆಯೇ ಎಂದು ಕೇಳಿದೆ. ತುಂಬಿದ ಬಾಟಲಿ ಒಂದೂಕಾಲು ಕೆಜಿಗಿಂತ ಸ್ವಲ್ಪ ಮೇಲೆ. ಎಲ್ಲ ತುಂಬಿದರೆ ಪೆಟ್ಟಿಗೆಯೂ ಸೇರಿ ಇನ್ನೂರಹತ್ತು, ಇನ್ನೂರಿಪ್ಪತ್ತು ಕೆಜಿ. ಅವರು ನಮ್ಮ ಸೋಫಾ ಕಡೆ ನೋಡಿ, "ಹೋದ ವಾರ ನಿಮ್ಮ ಭಾವನವರು, ತಂಗಿ, ಮಗ ಮೂರೂ ಜನ ಇಲ್ಲೇ ಕೂತಿದ್ರಲ್ಲ, ಏನಾಯ್ತು?" ಎಂದರು.

ಪೆಟ್ಟಿಗೆ ಬಂದದ್ದು ಆಯುಧಪೂಜೆಯ ಹಿಂದಿನ ದಿನ. ನಾಲ್ವರು ಹುಡುಗರು ಹೊತ್ತು ತಂದರು. ನಮ್ಮ ಮೆಟ್ಟಿಲು ಎರಡು ಕಡೆ ತಿರುಗುತ್ತದೆ. ಎರಡನೆಯ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿತು. "ಮಲಗಿಸ್ಕೊಂಡು ತಗೊಂಡೋಗಣ" ಎಂದ ಮುಂದಿನವನು. ನಾನು ಮೇಲಿನಿಂದ, "ಅಯ್ಯೋ, ಮಲಗಿಸಬೇಡ್ರಪ್ಪಾ, ಮಲಗಿಸಲೇಬಾರದು!" ಎಂದು ಕೂಗಿದೆ. ಮಲಗಿಸಿದರೆ ಕಂಪ್ರೆಸರ್ ಒಳಗಿನ ಎಣ್ಣೆ ಕೊಳವೆಗೆ ಹರಿದುಬಿಡುತ್ತದೆ ಎಂದು ನನ್ನ ಪುಸ್ತಕದ ಮೂವತ್ತೊಂದನೆಯ ಪುಟದಲ್ಲಿದೆ. ನನ್ನ ದನಿಯಲ್ಲಿದ್ದ ಆತಂಕ ಕೇಳಿ ಹಿಂದಿನವನು ಮೆಲ್ಲಗೆ, "ಸಾರ್, ಒಳಗೆ ಯಾರಾದ್ರೂ ಅವ್ರಾ?" ಎಂದ. ಕೊನೆಗೆ ಕೈಪಿಡಿಯ ಮರ ಬಿಚ್ಚಿ, ಗೋಡೆಯ ಸುಣ್ಣ ಒಂದು ಗೇಣು ಕೆರೆಸಿಕೊಂಡು ಮೇಲೆ ಬಂತು. ಅಷ್ಟರಲ್ಲಿ ಸ್ವಲ್ಪ ವಾಲಿಸಿದ್ದರಿಂದ, ಇಪ್ಪತ್ತನಾಲ್ಕು ಗಂಟೆ ಹಾಗೇ ನಿಲ್ಲಿಸಿ ಆಮೇಲೆ ಸ್ವಿಚ್ ಹಾಕಿ ಎಂದು ಹೇಳಿಹೋದರು.

ಹೀಗಾಗಿ ಪೂಜೆಯ ಬೆಳಿಗ್ಗೆ ಅದು ನಡುಮನೆಯ ಮಧ್ಯದಲ್ಲಿ, ಹೆಣ್ಣು ನೋಡಲು ಬಂದ ಗಂಡಿನ ಹಾಗೆ, ಏನೂ ಕೆಲಸವಿಲ್ಲದೆ ನಿಂತಿತ್ತು. ಅಮ್ಮ ಸ್ಕೂಟರಿಗೆ, ಮಿಕ್ಸಿಗೆ, ಈಳಿಗೆ ಮಣೆಗೆ ಕುಂಕುಮ ಇಟ್ಟುಕೊಂಡು ಬಂದವಳು ಇದರ ಮುಂದೆ ನಿಂತಳು. ಗಾಜಿನ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಸೇವಂತಿಗೆ ಹೂವನ್ನು ಹಿಡಿಗೆ ಸಿಕ್ಕಿಸಿ, "ಏನಿಡ್ತೀರೋ ಇದರಲ್ಲಿ?" ಎಂದಳು.

ನಾನು ಸೀಲಿಂಗ್ ನೋಡಿದೆ. ಹೆಂಡತಿ ನೇರವಾಗಿ, "ದ್ರಾಕ್ಷಾರಸ ಅತ್ತೆ. ಸರ್ಕಾರದ್ದೇ ಮಂಡಳಿ ಇದೆ ಅದಕ್ಕೆ, 2007ರಲ್ಲೇ ನೀತಿ ಮಾಡಿದ್ದಾರೆ. ರೈತರಿಗೂ ಒಳ್ಳೇದು" ಎಂದಳು.

"ಇದಕ್ಕೇನು ಇಷ್ಟು ಪೀಠಿಕೆ? ನಾನು ಎಂಟು ವರ್ಷದಿಂದ ಕುಡೀತಿಲ್ವೇನೇ?" ಎಂದಳು ಅಮ್ಮ. ದೇವರ ಮನೆಯ ಪಕ್ಕದ ಗೂಡಿನಿಂದ ತನ್ನ ದ್ರಾಕ್ಷಾರಿಷ್ಟದ ಬಾಟಲಿ ತಂದು ಪೆಟ್ಟಿಗೆಯ ಮೇಲಿಟ್ಟಳು. ರಾತ್ರಿ ಮಲಗುವಾಗ ಎರಡು ಚಮಚ, ಅಷ್ಟೇ ನೀರು ಬೆರೆಸಿ. ಹೆಂಡತಿ ಲೇಬಲ್ ಓದಿ ನನ್ನ ಕಡೆ ನೋಡಿದಳು. ದ್ರಾಕ್ಷಿ, ಬೆಲ್ಲ, ಧಾತಕಿ ಹೂವು. ಹುಳಿ ಬರಿಸಿ ಮಾಡಿದ್ದು. ತಾನೇ ಹುಟ್ಟಿದ ಆಲ್ಕೊಹಾಲು ಇದರಲ್ಲಿದೆ ಎಂದು ಸಣ್ಣ ಅಕ್ಷರದಲ್ಲಿ. ಅಮ್ಮ ಇದನ್ನು ಗೊತ್ತಿದ್ದು ಹೇಳಿದಳೋ ಗೊತ್ತಿಲ್ಲದೆ ಹೇಳಿದಳೋ, ಐವತ್ತೆಂಟು ವರ್ಷ ಮಗನಾಗಿದ್ದೂ ನನಗೆ ಬಗೆಹರಿದಿಲ್ಲ. ಇಪ್ಪತ್ತನಾಲ್ಕು ಗಂಟೆ ಮುಗಿದರೂ ರಾಹುಕಾಲ ಕಳೆಯಲಿ ಎಂದು ಇನ್ನೂ ಒಂದೂವರೆ ಗಂಟೆ ಕಾಯಿಸಿದಳು. ಸ್ವಿಚ್ ಹಾಕಿದ್ದೂ ಅವಳೇ.

ಇನ್ನು ಬಡಗಿಯ ಪ್ರಕರಣ. ಹಳೇ ಷೋಕೇಸನ್ನು, ಅದರೊಳಗಿನ ಚನ್ನಪಟ್ಟಣದ ಗೊಂಬೆಗಳ ಸಮೇತ ತೆಗೆಸಿ, ಆ ಜಾಗದಲ್ಲಿ ತೇಗದ ಪದರ ಅಂಟಿಸಿದ ಪ್ಲೈವುಡ್ಡಿನ ಗೂಡು ಮಾಡಿಸಿದ್ದೆ. ನಮ್ಮ ಬಡಗಿ ಅಚ್ಚುಕಟ್ಟಿನ ಮನುಷ್ಯ. ಪೆಟ್ಟಿಗೆ ಒಳಗೆ ಸರಿದರೆ ಸುತ್ತ ಒಂದು ಪೋಸ್ಟ್‌ಕಾರ್ಡ್ ತೂರಿಸಲೂ ಆಗದ ಹಾಗೆ ಕೂರಿಸಿದ. ನೆಲ ಬಾಲ್ಕನಿ ಕಡೆಗೆ ಇಳಿಜಾರಾಗಿದೆ ಎಂದು ರಸಮಟ್ಟ ಇಟ್ಟು ನೋಡಿ ಕಾಲಿನ ಸ್ಕ್ರೂ ತಿರುಗಿಸಿ ಸರಿ ಮಾಡಿದ. ನಾನು ಅವನಿಗೆ ಕಾಫಿ ಕೊಟ್ಟು ಬೆನ್ನು ತಟ್ಟಿದೆ.

ಎರಡು ದಿನ ಪೆಟ್ಟಿಗೆ ಗುಂಯ್ ಎನ್ನುವುದನ್ನು ನಿಲ್ಲಿಸಲೇ ಇಲ್ಲ. ಮೂರನೆಯ ದಿನ ನೋಡುತ್ತೇನೆ, ಗೂಡಿನ ಮೇಲೆ ಬಿಳಿ ಪಂಚೆ ಹಾಸಿ ಅಮ್ಮ ಅರಳು ಸಂಡಿಗೆ ಒಣಗಿಸಲು ಇಟ್ಟಿದ್ದಾಳೆ. "ಮಳೆ ಬಂದ್ರೂ ಚಿಂತೆಯಿಲ್ಲ ಕಣೋ, ಎಷ್ಟು ಹದವಾಗಿ ಬಿಸಿಯಿದೆ ನೋಡು. ಒಳ್ಳೇ ಮಿಷನ್ನು." ಮುಟ್ಟಿದೆ, ಮರ ಬೆಚ್ಚಗಿತ್ತು. ಫ್ರಿಜ್ ಎನ್ನುವುದು ತಂಪನ್ನು ಹುಟ್ಟಿಸುವುದಿಲ್ಲ, ಒಳಗಿನ ಬಿಸಿಯನ್ನು ಎತ್ತಿ ಹೊರಗೆ ಹಾಕುತ್ತದೆ, ಅಷ್ಟೇ. ಹೊರಗೆ ಎನ್ನುವ ಜಾಗವನ್ನೇ ನಾನು ತೇಗದಲ್ಲಿ ಮುಚ್ಚಿಸಿದ್ದೆ. ಗೋಡೆಯೊಳಗೆ ಕೂರಿಸುವ ಮಾದರಿಗೆ ಬಿಸಿಗಾಳಿ ಮುಂದಿನಿಂದ, ಕಾಲ ಬಳಿಯ ಜಾಲರಿಯಿಂದ ಬರುತ್ತದೆ. ಬಿಡಿಯಾಗಿ ನಿಲ್ಲಿಸುವ ಮಾದರಿಗೆ ಹಿಂದೆ, ಪಕ್ಕ, ಮೇಲೆ ಉಸಿರಾಡಲು ಜಾಗ ಬಿಡಬೇಕು. ನಾನು ತಂದದ್ದು ಎರಡನೆಯದು. ಇದೂ ನನ್ನ ಪುಸ್ತಕದಲ್ಲಿತ್ತು, ಹನ್ನೆರಡನೆಯ ಪುಟ, ಕೆಂಪು ಶಾಯಿ, ಕೆಳಗೆ ಎರಡು ಗೆರೆ. ಬರೆದಿಟ್ಟರೆ ಆಯಿತು, ಓದಬೇಕೆಂದೇನಿದೆ ಎನ್ನುವುದು ಬ್ಯಾಂಕಿನಲ್ಲಿ ಮೂವತ್ತು ವರ್ಷ ಮಾಡಿಕೊಂಡ ಅಭ್ಯಾಸ. ಬಡಗಿ ಮತ್ತೆ ಬಂದು, ಬೆನ್ನು ತಟ್ಟಿಸಿಕೊಂಡ ಅದೇ ಮುಖದಲ್ಲಿ, ತಾನೇ ಮಾಡಿದ ಗೂಡಿನ ಬೆನ್ನು, ಪಕ್ಕೆ, ನೆತ್ತಿ ಕೊಯ್ದು ಹೋದ. ಎರಡನೇ ಸಲದ ಕೂಲಿ ಮೊದಲನೆಯದಕ್ಕಿಂತ ಜಾಸ್ತಿ. "ಕಟ್ಟೋದು ಸುಲಭ ಸಾರ್" ಎಂದ. ಸಂಡಿಗೆಗೆ ಜಾಗ ಹೋಯಿತು ಎಂದು ಅಮ್ಮ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಈಗ ಮೇಲಂತಸ್ತು ಬಿಳಿ ವೈನಿಗೆ 9 ಡಿಗ್ರಿ, ಕೆಳಗಿನದು ಕೆಂಪಿಗೆ 13. ಏಳು ಬಾಟಲಿ ನೂರಾ ಹತ್ತರ ಜಾಗದಲ್ಲಿ, ದಸರಾ ರಜೆಯ ಹಾಸ್ಟೆಲಿನಲ್ಲಿ ಊರಿಗೆ ಹೋಗದೆ ಉಳಿದ ಹುಡುಗರಂತೆ ಅಲ್ಲೊಂದು ಇಲ್ಲೊಂದು ಮಲಗಿದ್ದವು. ಖಾಲಿ ಜಾಗ ಅಮ್ಮನ ಕಣ್ಣಿಗೆ ಬೀಳದೆ ಇರುತ್ತದೆಯೇ? ದೀಪಾವಳಿ ಹೊತ್ತಿಗೆ ಕೆಳಗಿನ ಹಲಗೆಯ ಮೇಲೆ ಒಂದು ಚಿಪ್ಪು ರಸಬಾಳೆ ಕಾಣಿಸಿಕೊಂಡಿತು. ನಾನು ಹೌಹಾರಿದೆ. "ಅಮ್ಮಾ, ಹಣ್ಣಿನ ವಾಸನೆ ಬಿರಡೆಯೊಳಗಿಂದ ವೈನಿಗೆ ಹೋಗುತ್ತೆ!"

"ಫ್ರಿಜ್ಜಲ್ಲಿಟ್ರೆ ಸಿಪ್ಪೆ ಕಪ್ಪಾಗುತ್ತೆ, ಹೊರಗಿಟ್ರೆ ಎರಡೇ ದಿನಕ್ಕೆ ಕಳಿಯುತ್ತೆ. ಇದರಲ್ಲಿ ನೋಡು, ಐದು ದಿನ ಆಯ್ತು, ಮಚ್ಚೆ ಬಂದಿಲ್ಲ."

ನಾನು ಹೋಗಿ ಓದಿದೆ. ಬಾಳೆಹಣ್ಣು 13 ಡಿಗ್ರಿಗಿಂತ ಕೆಳಗೆ ಹೋದರೆ ಚಳಿಗೆ ಕಪ್ಪಾಗುತ್ತದೆ. ಅದನ್ನು ಇಡಬೇಕಾದ್ದೇ 13-14ರಲ್ಲಿ. ಮೂರು ತಿಂಗಳು ಬೈಂಡ್ ಪುಸ್ತಕ ತುಂಬಿಸಿ ನಾನು ಆರಿಸಿ ತಂದದ್ದು ಒಂದು ಪರಿಪೂರ್ಣ ಬಾಳೆಹಣ್ಣಿನ ಗೂಡು. ಸೋಲೊಪ್ಪದೆ ಹೆಂಡತಿಯ ಹತ್ತಿರ ಬಿರಡೆಯ ದೂರು ಒಯ್ದೆ. ಅವಳು ಉತ್ತರಪತ್ರಿಕೆ ತಿದ್ದುತ್ತಿದ್ದವಳು ತಲೆಯೆತ್ತದೆ, "ಯಾವ ಬಿರಡೆ? ಈಗಿರೋ ಏಳೂ ತಿರುಪಿನ ಮುಚ್ಚಳದವು" ಎಂದಳು.

ತಿರುಪಿನ ಮುಚ್ಚಳವಾದರೆ ಮಲಗಿಸುವ ಅಗತ್ಯವೂ ಇಲ್ಲ. ಬಿರಡೆಯೇ ಇಲ್ಲದ ಮೇಲೆ ಒಣಗುವುದು ಯಾವುದು? "ಮೊದಲೇ ಯಾಕೆ ಹೇಳಲಿಲ್ಲ?" ಎಂದೆ. "ನೀವು ಎಷ್ಟು ಖುಷಿಯಾಗಿದ್ರಿ" ಎಂದಳು.

ಏಪ್ರಿಲ್ ಬಂತು. ಒಂದು ರಾತ್ರಿ ಬೀದಿಯ ಟ್ರಾನ್ಸ್‌ಫಾರ್ಮರ್ ಢಂ ಎಂದು, ಇಡೀ ಬಡಾವಣೆ ಕತ್ತಲಾಯಿತು. ಪೆಟ್ಟಿಗೆಗೆ ಯುಪಿಎಸ್ ಕನೆಕ್ಷನ್ ಇಲ್ಲ, ಲೋಡು ತಡೆಯುವುದಿಲ್ಲ ಎಂದಿದ್ದ ಎಲೆಕ್ಟ್ರಿಷಿಯನ್. ಒಂದು ಗಂಟೆ, ಎರಡು ಗಂಟೆ. ವೈನ್ ಯಾರದೋ ಅವಳು ನೆಮ್ಮದಿಯಾಗಿ ಗೊರಕೆ ಹೊಡೆಯುತ್ತಿದ್ದಾಳೆ. ನಾನು ಟಾರ್ಚ್ ಹಿಡಿದು ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೇನೆ. ಡಿಗ್ರಿ ತೋರಿಸುವ ಅಂಕಿ ಆರಿಹೋಗಿದೆ. ಒಳಗೆ ಹದಿನೈದಾಗಿದೆಯೋ ಇಪ್ಪತ್ತಾಗಿದೆಯೋ ತಿಳಿಯುವುದು ಹೇಗೆ? ಹೊಳೆಯಿತು. ಅಮ್ಮನ ಔಷಧಿ ಡಬ್ಬಿಯಿಂದ ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ತಂದು, ಬಾಗಿಲನ್ನು ಎರಡು ಬೆರಳಷ್ಟು ಸರಿಸಿ, ಒಂದು ಶಿರಾಜ್ ಬಾಟಲಿಯ ಕಂಕುಳಿಗೆ ಆನಿಸಿದೆ. ನಿಮಿಷದ ಮೇಲೆ ಅದು ಪೀಂ ಎಂದಿತು. ತೆಗೆದು ಟಾರ್ಚಿನ ಬೆಳಕಿಗೆ ಹಿಡಿದೆ. ಅಂಕಿಯಿಲ್ಲ. ಮೂವತ್ತೆರಡು ಡಿಗ್ರಿಗಿಂತ ಕೆಳಗಿನದನ್ನು ಅದು ಓದುವುದಿಲ್ಲವಂತೆ. ಎರಡೇ ಇಂಗ್ಲಿಷ್ ಅಕ್ಷರ, ಕೂಡಿಸಿ ಓದಿದರೆ: ಲೋ.

ಈ ಮನೆಯಲ್ಲಿ ನನ್ನನ್ನು ಹಾಗೆ ಕರೆಯುವ ಹಕ್ಕಿರುವುದು ಒಬ್ಬರಿಗೇ.

"ಲೋ," ಎಂದು ಒಳಕೋಣೆಯ ಕತ್ತಲಿಂದ ದನಿ ಬಂತು, "ಹೇಗೂ ಬಾಗಿಲು ತೆಗೆದಿದ್ದೀಯಲ್ಲ, ಹಾಗೇ ಒಂದು ಬಾಳೆಹಣ್ಣು ತಗೊಂಡು ಬಾರೋ."