ಕರೆಯುವ ಹೆಸರು, ಬರೆಯುವ ಹೆಸರು

ದಾವಣಗೆರೆಗೂ ಹರಿಹರಕ್ಕೂ ನಡುವಣ ದಾರಿ ಸುಮಾರು 14 ಕಿಲೋಮೀಟರು ಮಾತ್ರ. ಆದರೆ ಒಂದೂರಿನ ವರನೂ ಇನ್ನೊಂದೂರಿನ ವಧುವೂ ನ್ಯೂಜೆರ್ಸಿಯಲ್ಲಿ ಸಂಸಾರ ಹೂಡಿ, ಅವರಿಗೊಂದು ಗಂಡುಮಗು ಜನಿಸಿ, ಅದಕ್ಕೆ ನಾಮಕರಣ ಮಾಡತಕ್ಕ ಪ್ರಸಂಗ ಒದಗಿತೆಂದರೆ, ಈ ಅಲ್ಪಾಂತರವು ಮಹಾಸಾಗರಗಳಿಗಿಂತ ವಿಸ್ತೀರ್ಣವಾಗಿ ಪರಿಣಮಿಸುವುದುಂಟು. ದಾವಣಗೆರೆಯ ಅಜ್ಜಿ ಉಕ್ಕಡಗಾತ್ರಿಯ ಕರಿಬಸವ ಅಜ್ಜಯ್ಯನಿಗೆ ಹರಕೆ ಹೊತ್ತವಳಾದುದರಿಂದ ಮೊಮ್ಮಗನು ಕರಿಬಸಪ್ಪನಾಗಲೇಬೇಕು. ಹರಿಹರದ ಅಜ್ಜಿಗೆ ಹರಿಹರೇಶ್ವರನಿರುವಾಗ ಅನ್ಯನಾಮದ ಅಗತ್ಯವೇ ತೋರದು. ತಾಯಿತಂದೆಗಳಾದರೋ ಪ್ರಪಂಚದಲ್ಲಿ ಯಾರಿಗೂ ಇರದ, ಆದರೆ ಪ್ರಪಂಚದಲ್ಲಿ ಯಾರಿಗಾದರೂ ಉಚ್ಚರಿಸಲು ಬರುವ, ಎರಡೇ ಅಕ್ಷರದ ನಾಮಧೇಯವೊಂದನ್ನು ಅರಸಿ ಅರಸಿ, ಕಡೆಗೆ ‘ಕಿಯಾನ್’ ಎಂಬುದನ್ನು ಗೊತ್ತುಮಾಡಿದರು.

ಫೋನಿನ ಪರದೆಯ ಮೇಲೆ ಈ ವಾರ್ತೆಯನ್ನು ಕೇಳಿದ ದಾವಣಗೆರೆಯ ಅಜ್ಜಿ, “ಅದೇನಪ್ಪಾ ಅದು ಕಿಯಾನ್? ಕಿವಿಗೆ ಬಿಡೋ ಔಷ್ದಿ ಹೆಸ್ರು ಇದ್ದಂಗೈತಿ!” ಎಂದು ಉದ್ಗರಿಸಿದಳು. ಅದಕ್ಕೆ ‘ದೇವರ ಅನುಗ್ರಹ’ ಎಂಬ ಅರ್ಥವಿರುವುದೆಂದು ಮಗನು ಸಮರ್ಥಿಸಿಕೊಂಡನು. ಮನೆಯ ಪುರೋಹಿತರು ಮಾತ್ರ, ಸಂಸ್ಕೃತದಲ್ಲಿ ‘ಕಿಯಾನ್’ ಎಂದರೆ ‘ಎಷ್ಟು?’ ಎಂದಷ್ಟೇ ಅರ್ಥವೆಂದೂ, ಅನುಗ್ರಹದ ಪ್ರಮಾಣವನ್ನು ವಿಚಾರಿಸುವುದಕ್ಕೆ ಅದು ಒದಗಬಹುದೆಂದೂ ವಿನಯಪೂರ್ವಕವಾಗಿ ನಿವೇದಿಸಿದರು.

ನಮ್ಮ ಹಿರಿಯರು ಹೆಸರನ್ನು ಇಟ್ಟದ್ದು ಕರೆಯುವುದಕ್ಕೆ, ಬರೆಯುವುದಕ್ಕಲ್ಲ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಯಮನಿಗೇ ಜುಗುಪ್ಸೆ ಬರಲೆಂದು ಶಿಶುವನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಯ್ಯನೆಂದರು. ಹೆಣ್ಣುಮಕ್ಕಳೇ ಸಾಲಾಗಿ ಹುಟ್ಟಿದಾಗ ಸಾಕಮ್ಮ ಎಂದು ಹೆಸರಿಟ್ಟು ದೇವರಿಗೆ ನೇರವಾಗಿ ತಿಳಿಯಪಡಿಸಿದರು. ಈ ವಿವೇಕವು ನಮಗೊಬ್ಬರಿಗೇ ಮೀಸಲಾದುದಲ್ಲ. ಘಾನಾ ದೇಶದ ಅಕಾನ್ ಜನರು ಶುಕ್ರವಾರ ಹುಟ್ಟಿದ ಗಂಡುಮಗುವನ್ನು ಕೋಫಿ ಎನ್ನುವರಾದುದರಿಂದ, ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಗಳಾಗಿದ್ದ ಕೋಫಿ ಅನ್ನಾನರು ನಮ್ಮ ಲೆಕ್ಕದಲ್ಲಿ ಶುಕ್ರಪ್ಪನವರು. ಬಾಲಿ ದ್ವೀಪದಲ್ಲಿ ಮೊದಲ ಮಗು ವಯಾನ್, ಎರಡನೆಯದು ಮಾಡೆ, ಮೂರನೆಯದು ನ್ಯೋಮನ್, ನಾಲ್ಕನೆಯದು ಕತುತ್. ಐದನೆಯದು ಹುಟ್ಟಿದರೆ ಪುನಃ ವಯಾನನಿಂದ ಆರಂಭ. ನೈಜೀರಿಯದ ಯೊರುಬಾ ಜನರು ಅಜ್ಜ ತೀರಿಕೊಂಡ ಮೇಲೆ ಹುಟ್ಟಿದ ಮೊಮ್ಮಗನನ್ನು ಬಾಬಾತುಂಡೆ, ಎಂದರೆ ‘ತಂದೆ ಮರಳಿ ಬಂದ’ ಎಂದು ಕರೆಯುವರು. ಅಜ್ಜನ ಹೆಸರನ್ನೇ ಮೊಮ್ಮಗನಿಗಿಟ್ಟು, ಸೊಸೆಯು ಅವನನ್ನು ಗದರಿಸುವಾಗ ಪೇಚಿಗೆ ಸಿಲುಕುವಂತೆ ಮಾಡುವ ನಮ್ಮ ಸಂಪ್ರದಾಯವೂ ಇದೇ ಜಾತಿಯದು.

ಬರೆಯುವ ಹೆಸರಿನ ಪಾಡು ಬೇರೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರುಳ್ಳವರ ವೀಸಾದಲ್ಲಿ ಅಮೆರಿಕದವರು ಮೊದಲ ಹೆಸರಿನ ಸ್ಥಾನದಲ್ಲಿ ‘ಎಫ್‌ಎನ್‌ಯು’, ಎಂದರೆ ‘ಮೊದಲ ಹೆಸರು ತಿಳಿಯದು’, ಎಂದು ಅಚ್ಚೊತ್ತುವರು. ಹೀಗೆ ಮೊಮ್ಮಗನನ್ನು ನೋಡಲು ಹೋದ ಅಜ್ಜನು, ದಾವಣಗೆರೆಯ ಅರ್ಧ ಊರಿಗೆ ಪರಿಚಿತನಾಗಿದ್ದರೂ, ವಿಮಾನದಿಂದಿಳಿದೊಡನೆ ‘ಎಫ್‌ಎನ್‌ಯು ಬಸಪ್ಪ’ನಾದನು. ಐಸ್‌ಲೆಂಡಿನಲ್ಲಿ ಹೊಸ ಹೆಸರುಗಳನ್ನು ಪರಿಶೀಲಿಸುವುದಕ್ಕೆಂದೇ ಒಂದು ಸಮಿತಿಯಿದೆ. ನ್ಯೂಜಿಲೆಂಡಿನಲ್ಲಿ ‘ಹವಾಯಿಯ ಟಲೂಲಾ ಹುಲಾ ನೃತ್ಯ ಮಾಡುತ್ತಾಳೆ’ ಎಂಬರ್ಥದ ಪೂರ್ಣವಾಕ್ಯವನ್ನೇ ಹೆಸರಾಗಿ ಹೊತ್ತಿದ್ದ ಒಂಬತ್ತು ವರ್ಷದ ಬಾಲಿಕೆಯನ್ನು, ಅದನ್ನು ಬದಲಿಸುವ ಸಲುವಾಗಿ ನ್ಯಾಯಾಲಯವೇ ತನ್ನ ಪಾಲನೆಗೆ ತೆಗೆದುಕೊಂಡ ಸಂಗತಿ 2008ರಲ್ಲಿ ಲೋಕಪ್ರಸಿದ್ಧವಾಯಿತು. ಬಿಡದಿಯ ಸಮೀಪದ ಭದ್ರಾಪುರದ ಹಕ್ಕಿಪಿಕ್ಕಿ ಜನರು ಇಂಥ ನ್ಯಾಯಾಲಯಕ್ಕೆ ಅಂಜುವವರಲ್ಲ; ಅವರಲ್ಲಿ ಹೈಕೋರ್ಟ್ ಎಂಬುದೇ ಒಂದು ಹೆಸರು, ಕಾಫಿಯೂ ಮೈಸೂರುಪಾಕೂ ಅದರ ನೆರೆಹೊರೆ. ಮನಸ್ಸಿಗೆ ಹಿಡಿದ ವಸ್ತುವನ್ನು ಹಾಗೆಯೇ ಮಗುವಿನ ಮೇಲೆ ಇರಿಸುವ ಆ ನಿಸ್ಸಂಕೋಚವು ನಮ್ಮ ಸಾಫ್ಟ್‌ವೇರ್ ದಂಪತಿಗಳಿಗೆ ಎಂದು ಬರುವುದೋ!

ಕಡೆಗೆ ವಿವಾದವನ್ನು ಪರಿಹರಿಸಿದವನು ಹರಿಹರದ ದೇವರೇ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಆ ಆಲಯದಲ್ಲಿ ಬಲಭಾಗ ಹರನಾಗಿ, ಎಡಭಾಗ ಹರಿಯಾಗಿ, ಎರಡು ಮನೆತನಗಳನ್ನು ಒಂದೇ ಹೆಸರಿನಲ್ಲಿ ಸಮಾಧಾನಪಡಿಸಿ ನಿಂತಿರುವ ಮೂರ್ತಿಯನ್ನು ಬೀಗರಿಬ್ಬರೂ ಜೊತೆಯಾಗಿ ದರ್ಶಿಸಿ ಬಂದ ಮೇಲೆ, ದಾಖಲೆಗೆ ಕಿಯಾನ್ ಹರಿಹರ್ ಎಂದೂ, ತೊಟ್ಟಿಲಿಗೆ ಕರಿಬಸಪ್ಪ ಎಂದೂ ಇತ್ಯರ್ಥವಾಯಿತು. ರಜೆಗೆ ಊರಿಗೆ ಬಂದಾಗ ತೊಟ್ಟಿಲ ಶಾಸ್ತ್ರವೂ ನಡೆದು, ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಆ ಹೆಸರನ್ನು ಉಸುರಿದಳು. ಮಿಕ್ಕ ಹೆಂಗಸರು ವಾಡಿಕೆಯಂತೆ ಅವಳ ಬೆನ್ನಿಗೆ ಗುದ್ದಿದರು.

ಪರದೇಶದ ತಾಯಿತಂದೆಗಳಿಗೆ ನನ್ನ ವಿಜ್ಞಾಪನೆ ಇಷ್ಟೇ: ಆರಿಸಿದ ಹೆಸರನ್ನು ಅರ್ಜಿಯ ಚೌಕಗಳಲ್ಲಿ ತುಂಬಿ ನೋಡುವುದಕ್ಕೆ ಮೊದಲು, ಒಮ್ಮೆ ದಾವಣಗೆರೆಗೆ ಬಂದು ಮಂಡಿಪೇಟೆಯ ನಡುವೆ ನಿಂತು ಗಟ್ಟಿಯಾಗಿ ಕೂಗಿ ನೋಡಬೇಕು. ‘ಕರಿಬಸಪ್ಪೋ’ ಎಂದರೆ ನಾಲ್ಕು ಅಂಗಡಿಗಳಿಂದ ನಾಲ್ವರಾದರೂ ಓಗೊಡುವರು. ‘ಕಿಯಾನ್’ ಎಂದರೆ, ಸಂಸ್ಕೃತ ಬಲ್ಲ ವರ್ತಕನೊಬ್ಬನಿದ್ದಲ್ಲಿ, ಕ್ವಿಂಟಾಲಿನ ದರವನ್ನು ಹೇಳಿಯಾನು.