ಹೆನ್ರಿ ಮೂರ್ ಮತ್ತು ನಮ್ಮ ಅಶ್ವತ್ಥಕಟ್ಟೆ

ಇಂಗ್ಲೆಂಡಿನ ಶಿಲ್ಪಿ ಹೆನ್ರಿ ಮೂರ್ ಪ್ಯಾರಿಸ್ಸಿನಲ್ಲಿ ಮೆಕ್ಸಿಕೋದ ಹಳೆಯ ವಿಗ್ರಹವೊಂದರ ಅಚ್ಚು ನೋಡಿದ. ಚಿಚೆನ್ ಇಟ್ಜಾದ ಚಾಕ್‌ಮೂಲ್: ಮೊಣಕೈ ಊರಿ, ಮೊಣಕಾಲು ಮಡಚಿ, ಹೊಟ್ಟೆಯ ಮೇಲೆ ನೈವೇದ್ಯದ ಬಟ್ಟಲು ಹಿಡಿದು ಒರಗಿ, ಯಾರೋ ಕರೆದ ಹಾಗೆ ಕತ್ತು ಪಕ್ಕಕ್ಕೆ ತಿರುಗಿಸಿದ ಆಸಾಮಿ. ಆ ಗುಂಗಿನಲ್ಲಿ 1929ರಲ್ಲಿ ಮೂರ್ ಕಡೆದ ಒರಗಿದ ಹೆಂಗಸು ಈಗ ಲೀಡ್ಸ್ ಗ್ಯಾಲರಿಯಲ್ಲಿದ್ದಾಳೆ. ಮುಂದೆ ಮೂಳೆ, ಬೆಣಚುಕಲ್ಲು, ಉಂಡೆಗಲ್ಲುಗಳನ್ನು ಗುಡ್ಡೆಹಾಕಿಕೊಂಡು ಅವುಗಳ ತಿರುವು, ಪೊಳ್ಳುಗಳಿಂದಲೇ ಆಕಾರ ಹುಟ್ಟಿಸಿದ. ಗೆಳೆಯರಾದ ಹಕ್ಸ್ಲಿ ದಂಪತಿ ಕೊಟ್ಟ ಆನೆಯ ತಲೆಬುರುಡೆಯೊಳಗೆ ಇಣುಕಿ ಎಚ್ಚಿಂಗ್‌ಗಳ ಸರಣಿಯನ್ನೇ ಮಾಡಿದ.

ಇಷ್ಟು ಓದಿ ನಾನು ಸುಮ್ಮನಿರಬಹುದಿತ್ತು. ಆದರೆ ಪಿಂಚಣಿ ಬರುವ ಮನುಷ್ಯ ಸುಮ್ಮನಿರುವುದು ಕಷ್ಟ.

ಆನೆಬುರುಡೆ ಇಟ್ಟುಕೊಂಡರೆ ಅರಣ್ಯ ಇಲಾಖೆಯವರೂ ಮನೆಯೊಳಗೆ ಇಣುಕುತ್ತಾರೆ. ಆದ್ದರಿಂದ ಮಟನ್ ಅಂಗಡಿಗೆ ಹೋಗಿ ಮೂಳೆ ಕೇಳಿದೆ.

"ಸೂಪಿಗಾ ಸಾರ್?"

"ಅಲ್ಲಪ್ಪ, ಆಕಾರಕ್ಕೆ."

ಅವನು ನನ್ನ ಸಣಕಲು ಮೈ ನೋಡಿ, "ಹಂಗಾದ್ರೆ ಕಾಲೇ ತಗೊಳ್ಳಿ, ಬೇಗ ಆಕಾರ ಬರ್ತದೆ" ಎಂದ.

ಬೀದಿನಾಯಿಗಳ ಮೆರವಣಿಗೆಯಲ್ಲಿ ಗೇಟು ಮುಟ್ಟಿದಾಗ ಹೆಂಡತಿ, "ಅದು ಒಳಗೆ ಬಂದ್ರೆ ನೀವು ಹೊರಗೆ" ಎಂದಳು. ಮೆರವಣಿಗೆಗೆ ಪ್ರಸಾದ ಸಿಕ್ಕಿತು.

ಉಳಿದದ್ದು ಕಲ್ಲು. ಹೊಯ್ಸಳರ ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸತರಲ್ಲಿ ಮೆತ್ತಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ನನಗೆ ಸಿಕ್ಕಿದ್ದು ಯಾರದೋ ಹಿತ್ತಲಲ್ಲಿ ಬಹುಕಾಲ ಗಾಳಿ ಕುಡಿದದ್ದು. ಅದರಲ್ಲೇ ಚಾಕ್‌ಮೂಲ್ ಕಡೆಯಹೊರಟೆ. ಉಳಿ ಜಾರಿ ಅವನ ಎದೆಗೆ ತೂತು ಬಿತ್ತು. ಮೂರ್‌ನ ಶಿಲ್ಪಗಳಲ್ಲೂ ತೂತುಗಳಿವೆಯಲ್ಲ ಎಂದುಕೊಂಡೆ. ಮೂಗು ಹಾರಿತು, ಪ್ರಾಚೀನತೆ ಬಂತು ಎಂದುಕೊಂಡೆ. ಬಟ್ಟಲು ಮಾತ್ರ ನಿಜಕ್ಕೂ ಸೊಗಸಾಗಿ ಬಂತು. ಹೆಂಡತಿ ಮೆಚ್ಚಿ, "ಒರಳು ಚೆನ್ನಾಗಿದೆ, ಸುತ್ತ ಇರೋದನ್ನ ಯಾವಾಗ ತೆಗೀತೀರಿ?" ಎಂದಳು.

ಮನನೊಂದು, ರಾತ್ರೋರಾತ್ರಿ ತಳ್ಳುಗಾಡಿಯಲ್ಲಿ ಸಾಗಿಸಿ, ಬೀದಿ ಕೊನೆಯ ಅಶ್ವತ್ಥಕಟ್ಟೆಯ ನಾಗರಕಲ್ಲುಗಳ ಪಕ್ಕ ಇಟ್ಟು ಬಂದೆ. ಶುಕ್ರವಾರ ನೋಡಿದರೆ ಮೈಗೆಲ್ಲ ಅರಿಶಿನ, ಎದೆಯ ತೂತಿನಲ್ಲಿ ಊದುಬತ್ತಿ! ಚಾಕ್‌ಮೂಲ್ ಬಟ್ಟಲು ಯಾಕೆ ಹಿಡಿದಿದ್ದಾನೆಂದು ನಮ್ಮ ಬೀದಿಯವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಅದರ ತುಂಬ ಚಿಲ್ಲರೆ, ಮೇಲೊಂದು ನಿಂಬೆಹಣ್ಣು. ಕಲೆಯಿಂದ ನನಗೆ ಬಂದ ಮೊದಲ ಸಂಪಾದನೆ ಎಂದು ಕೈ ಚಾಚಿದೆ.

ಹಿಂದಿನಿಂದ ಅಜ್ಜಿಯೊಬ್ಬರು ಗದರಿದರು: "ಚಪ್ಪಲಿ ಹಾಕ್ಕೊಂಡು ದೇವರ ದುಡ್ಡಿಗೆ ಕೈ ಹಾಕ್ತೀರಲ್ರೀ, ನೋಡೋಕೆ ಮೇಷ್ಟ್ರ ಥರ ಇದೀರಿ!"