ಹಲ್ಲಿ ಇಂಜಿನಿಯರು

ನಮ್ಮ ಕಡೆ ಹಲ್ಲಿಗೆ ಬರವಿಲ್ಲ. ದೇವರ ಪಟದ ಹಿಂದೆ ಎರಡು, ಟ್ಯೂಬ್‌ಲೈಟಿನ ಬುಡದಲ್ಲಿ ಮೂರು, ಮೀಟರ್ ಬೋರ್ಡಿನೊಳಗೆ ಸಂಸಾರ ಸಮೇತ ಒಂದು. ಅವಕ್ಕೆ ಊಟ ಹಾಕುವವರಿಲ್ಲ, ಹಾಸಿಗೆ ಹಾಸುವವರಿಲ್ಲ. ಮೊದಲ ಮಳೆಗೆ ದೀಪ ಹುಡುಕಿಕೊಂಡು ಬರುವ ರೆಕ್ಕೆಹುಳುಗಳನ್ನು ತಿಂದು ದುಂಡಗೆ ಇರುತ್ತವೆ. ಇಂಥ ಊರಿನಲ್ಲಿ ದುಡ್ಡು ಕೊಟ್ಟು ಹಲ್ಲಿ ತರಿಸಿದವನಿಗೆ ಜನ ಏನಾದರೊಂದು ಹೆಸರು ಇಡಲೇಬೇಕಲ್ಲ? ಹಲ್ಲಿ ಇಂಜಿನಿಯರು ಎಂದು ಇಟ್ಟರು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ಈ ತಳಿ ಸಿಗುತ್ತದೆ. 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪ್ ಕಂಕುಳಲ್ಲಿ ಇಟ್ಟುಕೊಂಡು ಬೆಂಗಳೂರಿನಿಂದ ಬೆಳ್ತಂಗಡಿಗೆ ಬಂದವನು, ತೋಟದ ಮನೆಯ ಉಪ್ಪರಿಗೆಯನ್ನು ಆಫೀಸು ಮಾಡಿಕೊಂಡ. ಮೊದಲು ಲವ್‌ಬರ್ಡ್ಸ್ ಬಂದವು, ಆಮೇಲೆ ಹಣೆ ಉಬ್ಬಿದ ಫ್ಲವರ್‌ಹಾರ್ನ್ ಮೀನು. ಈಗ ಹಳದಿ ಮೈಮೇಲೆ ಕಪ್ಪು ಚುಕ್ಕೆಯ ಲೆಪರ್ಡ್ ಗೆಕ್ಕೊ. ನೆಂಟರು "ಹಲ್ಲಿ ಎಲ್ಲುಂಟು?" ಎಂದು ಕೇಳಿದರೆ ಅವನ ಮುಖ ಸಣ್ಣದಾಗುತ್ತದೆ. "ನಮ್ಮ ಗೋಡೆಯದ್ದಕ್ಕೆ ಕಣ್ಣಿನ ರೆಪ್ಪೆ ಉಂಟಾ? ಇದಕ್ಕುಂಟು. ನೋಡಿ, ಕಣ್ಣು ಮುಚ್ಚಿ ಮಲಗ್ತದೆ" ಎನ್ನುತ್ತಾನೆ. ಹಾಗೆಯೇ ಇದರ ಬೆರಳಿಗೆ ಅಂಟಿಲ್ಲ, ಗೋಡೆ ಹತ್ತಲು ಬರುವುದಿಲ್ಲ. ಇದನ್ನು ಕೇಳಿ ಅಜ್ಜಿಗೆ ನಿರಾಸೆಯಾಯಿತು. ಯಾವ ಅಂಗದ ಮೇಲೆ ಹಲ್ಲಿ ಬಿದ್ದರೆ ಏನು ಫಲವೆಂದು ಪಂಚಾಂಗದಲ್ಲಿ ಪಟ್ಟಿಯೇ ಇದೆ. ದೋಷವಿದ್ದರೆ ಪರಿಹಾರಕ್ಕೆ ಕಂಚಿಯ ವರದರಾಜ ದೇವಸ್ಥಾನದಲ್ಲಿ ಚಿನ್ನದ ಹಲ್ಲಿ ಮುಟ್ಟಿ ಬಂದವರು ಅವರು. ಹತ್ತದ ಹಲ್ಲಿ ಬೀಳುವುದೆಲ್ಲಿಂದ? ಲೊಚಗುಟ್ಟುವುದೂ ಇಲ್ಲವಾದ್ದರಿಂದ ಮಾತಿನ ನಡುವೆ ನೆಲ ಕುಟ್ಟಿ "ಸತ್ಯ" ಎನ್ನುವುದಕ್ಕೂ ಅದು ಒದಗುವುದಿಲ್ಲ.

ಈ ಪ್ರಾಣಿಯ ತವರು ಅಫ್ಘಾನಿಸ್ತಾನ, ಪಾಕಿಸ್ತಾನದ ಕಡೆಯ ಒಣ ಕಲ್ಲುಭೂಮಿ. ಬೆಳ್ತಂಗಡಿಯಾದರೋ ಘಟ್ಟದ ಬುಡ. ವರ್ಷಕ್ಕೆ 4,000 ಮಿಲಿಮೀಟರ್ ಮಳೆ ಇಲ್ಲಿ ಯಾರಿಗೂ ಸುದ್ದಿಯಲ್ಲ. ಆಷಾಢದಲ್ಲಿ ಚಪ್ಪಲಿಗೆ ಬೂಸ್ಟು ಬರುತ್ತದೆ, ಉಪ್ಪು ನೀರಾಗುತ್ತದೆ, ಮದುವೆ ಆಲ್ಬಮ್ಮಿನ ಪುಟಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಥ ಕಾಲದಲ್ಲಿ ಉಪ್ಪರಿಗೆಯ ಒಂದು ಮೂಲೆಯಲ್ಲಿ ಮಾತ್ರ ಗಾಳಿಯ ತೇವಾಂಶ ಶೇಕಡಾ 40 ದಾಟಬಾರದು!

ಇಂಜಿನಿಯರು ಜಗ್ಗಲಿಲ್ಲ. ಮೂರಡಿ ಉದ್ದ, ಒಂದೂವರೆ ಅಡಿ ಅಗಲದ ಗಾಜಿನ ಪೆಟ್ಟಿಗೆ ಮಾಡಿಸಿದ. ಒಂದು ತುದಿಯ ಅಡಿಗೆ ಹೀಟ್ ಮ್ಯಾಟ್ ಮತ್ತು ಥರ್ಮೋಸ್ಟಾಟ್. ಅಲ್ಲಿ 32 ಡಿಗ್ರಿ, ಇನ್ನೊಂದು ತುದಿಯಲ್ಲಿ 25. ಗೆಕ್ಕೊ ತಿಂದದ್ದು ಕರಗಲು ಶಾಖ ಬೇಕು. ಸೆಕೆಯಾದರೆ ಎದ್ದು ತಂಪಿನ ಕಡೆ ಹೋಗಲು ಜಾಗವೂ ಬೇಕು. ಮರಳು ಹಾಸುವಂತಿಲ್ಲ, ಬೇಟೆಯ ಜೊತೆ ನುಂಗಿದರೆ ಕರುಳು ಕಟ್ಟಬಹುದು. ಹಾಗಾಗಿ ಬಚ್ಚಲಿಗೆ ಹಾಕಿ ಉಳಿದ ಟೈಲ್ಸ್ ಹಾಸಿದ. ಅಡಗಿ ಕೂರಲು ಬಿಸಿ ಗುಹೆ, ತಂಪು ಗುಹೆ, ಪೊರೆ ಕಳಚಲು ಒದ್ದೆ ಗುಹೆ, ಹೀಗೆ ಮೂರು. ಊರಿಡೀ ಒದ್ದೆಯಾಗಿರುವಾಗ, ಡಿಹ್ಯುಮಿಡಿಫೈಯರ್ ಹಚ್ಚಿ ಕೋಣೆ ಒಣಗಿಸಿ, ಅದರೊಳಗೆ ಪುನಃ ಒಂದು ಡಬ್ಬಿಯನ್ನು ಒದ್ದೆ ಮಾಡುವುದು ಇಂಜಿನಿಯರಿಂಗ್ ಓದದವರಿಗೆ ಹೊಳೆಯುವ ಉಪಾಯವಲ್ಲ. ಆ ಡಬ್ಬಿಗೆ ಬೇಕಾದ ತೆಂಗಿನ ನಾರಿನ ಪುಡಿಯನ್ನು ಆನ್‌ಲೈನಿನಲ್ಲಿ ತರಿಸಿದ. ಮನೆಯ ಹಿಂದೆ ತೆಂಗಿನ ಸಿಪ್ಪೆ ಆಳೆತ್ತರ ಬಿದ್ದಿತ್ತು.

ಮಗನನ್ನು ನೋಡಿ ನಗುವ ಹಕ್ಕು ಅಪ್ಪನಿಗಿಲ್ಲ. 2003ರ ಸುಮಾರಿಗೆ ವೆನಿಲ್ಲಾ ಬೆಲೆ ಆಕಾಶ ಮುಟ್ಟಿದಾಗ ಅಡಿಕೆ ಮರಗಳ ನಡುವೆ ಬಳ್ಳಿ ಹಬ್ಬಿಸಿದವರು ಅವರು. ಮೆಕ್ಸಿಕೋದಲ್ಲಾದರೆ ಅದರ ಪರಾಗಸ್ಪರ್ಶವನ್ನು ಅಲ್ಲಿಯ ಜೇನ್ನೊಣ ನೋಡಿಕೊಳ್ಳುತ್ತದೆ. ಇಲ್ಲಿ ಅಪ್ಪ ಕನ್ನಡಕ ಏರಿಸಿ, ಚೂಪು ಕಡ್ಡಿ ಹಿಡಿದು, ಹೂ ಬಾಡುವ ಮೊದಲು ಒಂದೊಂದನ್ನೂ ಬಿಡಿಸಿ ಕೈಯಾರೆ ಕೂಡಿಸುತ್ತಿದ್ದರು. ಬೆಲೆ ಬಿದ್ದಿತು. ಆ ಬಳ್ಳಿಯ ಜಾಗದಲ್ಲಿ ಈಗ ರಂಬುಟಾನ್ ಇದೆ. ಅಪ್ಪ ಮೆಕ್ಸಿಕೋದ ಜೇನ್ನೊಣದ ಡ್ಯೂಟಿ ಮಾಡಿದರು. ಮಗ ಕಂದಹಾರಿನ ಬಿಸಿಲಿನ ಡ್ಯೂಟಿಗೆ ಸೇರಿದ್ದಾನೆ.

ಊಟದ ಕಥೆ ಇನ್ನೂ ದೊಡ್ಡದು. ಮನೆ ಶುದ್ಧ ಸಸ್ಯಾಹಾರಿ. ಗೆಕ್ಕೊ ಸೊಪ್ಪು, ಹಣ್ಣು ಮೂಸುವುದೂ ಇಲ್ಲ. ಜೀವವಿರುವ, ಅಲುಗಾಡುವ ಹುಳುವೇ ಆಗಬೇಕು. ಬಸ್ಸಿನಲ್ಲಿ ಬೆಂಗಳೂರಿನಿಂದ ಮೀಲ್‌ವರ್ಮ್ ಬಂದಿಳಿದವು. ಗೋಧಿ ಬೂಸಾದಲ್ಲಿ ಅವನ್ನು ಬೆಳೆಸಬೇಕು, ನೀರಿಗೆ ಬದಲು ಕ್ಯಾರೆಟ್ ಹೋಳು ಇಡಬೇಕು. ದನಕ್ಕೆ ತಂದ ಬೂಸಾ ಕಡಿಮೆಯಾಗುತ್ತಿದೆಯೆಂದು ಕೆಲಸದವರ ಮೇಲೆ ಸಂಶಯಪಟ್ಟಿದ್ದ ಅಮ್ಮನಿಗೆ ಕಳ್ಳ ಉಪ್ಪರಿಗೆಯಲ್ಲೇ ಸಿಕ್ಕಿದ. ಹುಳುವಿನ ಡಬ್ಬಿಗೆ ಇರುವೆ ಬಂದಾಗ ಅಮ್ಮನೇ ದಾರಿ ತೋರಿಸಿದರು: ನೀರು ತುಂಬಿದ ತಟ್ಟೆಯ ನಡುವೆ ಡಬ್ಬಿ ಇಡುವುದು. ಗೆಕ್ಕೊ ಸಾಕುವ ಕ್ರಮ ಬರೆದ ಕೇರ್ ಶೀಟಿನಲ್ಲಿ ಅದು ಇರಲಿಲ್ಲ.

ಗೆಕ್ಕೊಗೆ ಹಾಕುವ ಹಿಂದಿನ ದಿನ ಹುಳುಗಳಿಗೆ ವಿಶೇಷ ಭೋಜನ. ಅವು ತಿಂದದ್ದೇ ಇದಕ್ಕೆ ಪೋಷಣೆ. ಬಡಿಸುವ ದಿನ ಹುಳುಗಳನ್ನು ಸಣ್ಣ ಡಬ್ಬಿಯಲ್ಲಿ ಕ್ಯಾಲ್ಸಿಯಂ ಪುಡಿ ಹಾಕಿ ಕುಲುಕುತ್ತಾನೆ. ಚಕ್ಕುಲಿಯ ಬಣ್ಣದವು ಹಿಟ್ಟು ಮೆತ್ತಿಕೊಂಡು ಬೆಳ್ಳಗಾಗಿ ಹೊರಬರುತ್ತವೆ. ಗೆಕ್ಕೊದ ಎರಡು ಕಣ್ಣಿನ ನಡುವಿನ ಅಂತರಕ್ಕಿಂತ ದಪ್ಪಗಿದ್ದದ್ದು ಅನರ್ಹ. ಆಯ್ದ ಒಂದನ್ನು ಚಿಮಟದಲ್ಲಿ ಹಿಡಿದು ಅಲುಗಿಸುತ್ತಾನೆ. ಅದು ತಲೆ ಓರೆ ಮಾಡಿ ನೋಡುತ್ತದೆ, ಬಾಲದ ತುದಿ ಸಣ್ಣಗೆ ನಡುಗುತ್ತದೆ, ಗಬಕ್ಕನೆ ಹಾರಿ ಕಚ್ಚುತ್ತದೆ, ಆಮೇಲೆ ನಾಲಿಗೆಯಿಂದ ತುಟಿ ಒರೆಸಿಕೊಳ್ಳುತ್ತದೆ. ಆ ಒಂದು ಗಳಿಗೆಯಲ್ಲಿ ಇಂಜಿನಿಯರಿನ ಮುಖ ನೋಡಬೇಕು, ಮೊದಲ ಮಗುವಿಗೆ ಅನ್ನಪ್ರಾಶನ ಮಾಡಿಸಿದವನೂ ಅಷ್ಟು ಹಿಗ್ಗಲಾರ. ಅಮ್ಮನ ಗಂಟುನೋವಿಗೆ ಬರೆದ ಕ್ಯಾಲ್ಸಿಯಂ ಮಾತ್ರೆ ಫ್ರಿಡ್ಜಿನ ಮೇಲೆ ಹಾಗೆಯೇ ಇದೆ. ಅದನ್ನು ನೆನಪಿಸುವ ಅಲಾರಂ ಯಾರ ಫೋನಿನಲ್ಲೂ ಇಲ್ಲ.

ಕ್ಯಾಲ್ಸಿಯಂ ತಪ್ಪಿದರೆ ಗೆಕ್ಕೊದ ಮೂಳೆ ಮೆದುವಾಗಿ ಕಾಲು ಸೊಟ್ಟಗಾಗುತ್ತದೆ. ಈ ಭಯದಿಂದ ಒಮ್ಮೆ ಪಶುವೈದ್ಯರ ಹತ್ತಿರ ಕೊಂಡುಹೋದ. ಸರದಿಯಲ್ಲಿ ಮುಂದೆ ಒಂದು ಗಬ್ಬದ ಆಡು. ಡಾಕ್ಟರು ಡಬ್ಬಿಯೊಳಗೆ ಇಣುಕಿ, ಕರು ಹಾಕಿದ ದನಕ್ಕೆ ಬರುವ ಹಾಲುಜ್ವರವೂ ಕ್ಯಾಲ್ಸಿಯಮ್ಮಿನದ್ದೇ ತೊಂದರೆ ಎಂದು ಸಮಾಧಾನ ಹೇಳಿ, "ಇದು ಎಷ್ಟು ಹಾಲು ಕೊಡ್ತದೆ?" ಎಂದು ನಕ್ಕರಂತೆ. ದಾರಿಯಲ್ಲಿ ಸಿಕ್ಕವರದ್ದು ಬೇರೆಯೇ ವಿಚಾರಣೆ. ಒಬ್ಬರಿಗೆ ಉಡದ ಮರಿಯೆಂಬ ಗುಮಾನಿ, ಇನ್ನೊಬ್ಬರಿಗೆ ಎರಡು ತಲೆ ಹಾವಿನ ವ್ಯಾಪಾರದ ನೆನಪು. ಅವೆರಡೂ ವನ್ಯಜೀವಿ ಕಾಯ್ದೆಯಲ್ಲಿ ಸಿಕ್ಕಿಸುವ ಪ್ರಾಣಿಗಳು. ಹಾಗಾಗಿ ಇದು ಕಾಡಿನದ್ದಲ್ಲ, ಸಾಕಿದ ತಾಯಿಯ ಮೊಟ್ಟೆಯಿಂದ ಬಂದದ್ದು ಎಂಬ ಬಿಲ್ಲನ್ನು ಅವನು ಪರ್ಸಿನಲ್ಲಿ ಮಡಚಿ ಇಟ್ಟುಕೊಂಡಿರುತ್ತಾನೆ.

ಬಂಟ್ವಾಳದ ತಳಿಯದ್ದು ಉಲ್ಟಾ ಕಷ್ಟ. ಬಿ.ಸಿ.ರೋಡಿನ ಫ್ಲಾಟು ಏಪ್ರಿಲಿನಲ್ಲಿ ತಾನಾಗಿಯೇ ಕಾಯುತ್ತದೆ. ಎ.ಸಿ. ಇರುವ ಏಕೈಕ ಕೋಣೆ ಗೆಕ್ಕೊದ್ದು. ರಜೆಗೆ ಬಂದ ಅತ್ತೆ ಮಾವ ಹಾಲ್‌ನಲ್ಲಿ ಫ್ಯಾನಿನಡಿ. ಮೂಡುಬಿದಿರೆಯವನು ಕಾಲೇಜು ಹುಡುಗ, ಜೈನರ ಮನೆಯ ಮಾಳಿಗೆಯಲ್ಲಿ ಬಾಡಿಗೆಗೆ. ಕೆಳಗಡೆ ಸೂರ್ಯ ಮುಳುಗುವುದರೊಳಗೆ ಊಟ ಮುಗಿಯುತ್ತದೆ. ಮೇಲಿನದು ಕತ್ತಲಾಗದೆ ಬಾಯಿ ತೆರೆಯುವುದಿಲ್ಲ. ಅವನು ಗುಟ್ಟನ್ನು ಮಂಚದಡಿ ಇಟ್ಟಿದ್ದಾನೆ. ಪರೀಕ್ಷೆ ರಜೆಗೆ ಅದು ಬುತ್ತಿ ಡಬ್ಬಿಯಲ್ಲಿ ಬಸ್ಸು ಹತ್ತುತ್ತದೆ.

ಆಯುಸ್ಸನ್ನು ಮಾತ್ರ ಇವರ್ಯಾರೂ ಕೊಳ್ಳುವಾಗ ಲೆಕ್ಕ ಹಾಕುವುದಿಲ್ಲ. ಚೆನ್ನಾಗಿ ಸಾಕಿದರೆ ಗೆಕ್ಕೊ 15ರಿಂದ 20 ವರ್ಷ ಬದುಕುತ್ತದೆ. ಮನೆಯಿಂದಲೇ ಕೆಲಸ ಮಾಡಲು ಕಂಪನಿ ಕೊಟ್ಟ ಅನುಮತಿ ಅಷ್ಟು ದಿನ ಬಾಳುವುದಿಲ್ಲ. ಬೆಳ್ತಂಗಡಿಯವನಿಗೂ ಆಫೀಸಿಗೆ ಬರಬೇಕೆಂಬ ಮೇಲ್ ಬಂತು. ಪೆಟ್ಟಿಗೆಗೆ ಕ್ಯಾಮೆರಾ ಹಚ್ಚಿ, ಅಮ್ಮನಿಗೆ ಚಿಮಟ ಕೊಟ್ಟು ಬೆಂಗಳೂರಿಗೆ ಹೋದ. ಈಗ ಮೀಟಿಂಗಿನ ನಡುವೆ ಫೋನಿನಲ್ಲಿ ಉಷ್ಣತೆ ನೋಡುತ್ತಾನೆ.

"ಅಮ್ಮಾ, ಪೆಟ್ಟಿಗೆ ಮೇಲೆ ಎಂತ ಇಟ್ಟಿದ್ದಿ? ಕ್ಯಾಮೆರಾದಲ್ಲಿ ಏನೂ ಕಾಣ್ತಿಲ್ಲ."

"ಹಲಸಿನ ಹಪ್ಪಳ. ಮಳೆ ಬಿಡ್ತಾ ಇಲ್ಲ ಮಾರಾಯ, ನಿನ್ನ ಮ್ಯಾಟಿನಲ್ಲಿ ಒಳ್ಳೆ ಒಣಗ್ತದೆ."

"ತೆಗಿ ಅಮ್ಮ, ಅದಕ್ಕೆ ಗಾಳಿ ಬೇಡ್ವಾ?"

"ತಡಿ, ಒಂದು ಬದಿ ಆಗಿದೆ. ಮಗುಚಿ ಹಾಕಿ ಆಮೇಲೆ ತೆಗೀತೇನೆ."